ಚಿಪ್ಪು ಅಣಬೆ: ಜರ್ಮನಿಯ ಬೀಚ್ ಕಾಡಿನಿಂದ ಮನೆಯ ನೆಲಮಾಳಿಗೆಗೆ

ಚಿಪ್ಪು ಅಣಬೆ: ಸತ್ತ ಅಥವಾ ಸೊರಗಿದ ಮರಗಳ ಮೇಲೆ, ಮುಖ್ಯವಾಗಿ ಎಲೆಯುದುರುವ ಜಾತಿಯ ಮರಗಳ ಮೇಲೆ ಬೆಳೆಯುವ, ತಿನ್ನಲು ಯೋಗ್ಯವಾದ ಕಾಡು ಅಣಬೆ. ಶಾಸ್ತ್ರೀಯ ನಾಮ ಪ್ಲೂರೋಟಸ್ ಆಸ್ಟ್ರಿಯೇಟಸ್. ಜರ್ಮನಿಯಲ್ಲಿ ಇದಕ್ಕೆ ಔಸ್ಟರ್ನ್‌ಜೈಟ್ಲಿಂಗ್ ಎಂದು ಹೆಸರು. ಮಾರುಕಟ್ಟೆಯಲ್ಲಿ ಔಸ್ಟರ್ನ್‌ಪಿಲ್ತ್ಸ್ ಎನ್ನುವುದೇ ಹೆಚ್ಚು. ಕರ್ನಾಟಕದ ತರಕಾರಿ ಅಂಗಡಿಗಳಲ್ಲಿ ಚಿಪ್ಪು ಅಣಬೆ ಅಥವಾ ಆಯಿಸ್ಟರ್ ಅಣಬೆ ಎಂದು ಸಿಗುವುದು ಇದೇ ಕುಲದ ಹತ್ತಿರದ ಬಂಧುಗಳು. ಜರ್ಮನಿಯ ಕಾಡಿನಲ್ಲಿ ಆಯ್ದು ತರಬಹುದಾದ, ಅದೇ ಊರಿನ ಮನೆಯ ನೆಲಮಾಳಿಗೆಯಲ್ಲೋ ಹಿತ್ತಿಲಲ್ಲೋ ಬೆಳೆಸಲೂಬಹುದಾದ ಬೆರಳೆಣಿಕೆಯ ಅಣಬೆಗಳಲ್ಲಿ ಇದು ಮೊದಲನೆಯದು. ಇದನ್ನು ಉದ್ದೇಶಪೂರ್ವಕವಾಗಿ ಬೆಳೆಸುವ ಕ್ರಮ ದಾಖಲಾದದ್ದು ಮೊದಲ ಮಹಾಯುದ್ಧದ ಹಸಿವಿನ ವರ್ಷಗಳಲ್ಲಿ, ಜರ್ಮನಿಯಲ್ಲಿ. ಭತ್ತದ ಹುಲ್ಲಿನ ಮೇಲೆ ಈ ಕುಲವನ್ನು ಬೆಳೆಸಿ ತೋರಿಸಿದ್ದು ಮೈಸೂರಿನಲ್ಲಿ.

ಗುರುತು

ಜರ್ಮನಿಯಲ್ಲಿ ಹೆಚ್ಚಿನ ಅಣಬೆಗಳ ಕಾಲ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಚಿಪ್ಪು ಅಣಬೆ ತಲೆ ಎತ್ತುವುದು ಆ ಗದ್ದಲವೆಲ್ಲ ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ. ಕಾಡಿನ ತಳಿಗೆ ಚಳಿಯ ಒಂದು ಏಟು ಬೇಕು. ಮೊದಲ ಹಿಮಗಾಳಿ ಬೀಸಿ, ನಂತರ ನಾಲ್ಕಾರು ದಿನ ಮೋಡ ಕವಿದು ತೇವ ನಿಂತರೆ, ಬಿದ್ದ ಬೀಚ್ ಬೊಡ್ಡೆಯ ಮಗ್ಗುಲಲ್ಲಿ ಹತ್ತು ಹದಿನೈದು ಟೋಪಿಗಳು ಒಂದರ ಮೇಲೊಂದು ಅಟ್ಟಣಿಗೆ ಕಟ್ಟಿಕೊಂಡು ಹೊರಬರುತ್ತವೆ. ಎಳೆಯ ಟೋಪಿ ಕಡು ಬೂದು, ಕೆಲವೊಮ್ಮೆ ನೀಲಿ ಅಥವಾ ನೇರಳೆ ಛಾಯೆ. ಬಲಿತಂತೆ ಕಂದು, ಮಾಸಲು ಬಿಳಿ. ಅಗಲ ಸಾಮಾನ್ಯವಾಗಿ 5ರಿಂದ 15 ಸೆಂ.ಮೀ. ಅಂಚು ಮೊದಲು ಒಳಕ್ಕೆ ಸುರುಳಿಗೊಂಡಿದ್ದು ಆಮೇಲೆ ಬಿಚ್ಚಿಕೊಂಡು ಅಲೆಯಲೆಯಾಗುತ್ತದೆ. ತಿರುಗಿಸಿ ನೋಡಿದರೆ ಬಿಳಿಯ ಕಿವಿರುಗಳು ಟೋಪಿಯಲ್ಲೇ ನಿಲ್ಲದೆ ದಂಟಿನ ಮೇಲೂ ಗೆರೆಗೆರೆಯಾಗಿ ಇಳಿದಿರುತ್ತವೆ. ದಂಟು ಗಿಡ್ಡ, ಗಟ್ಟಿ, ನಡುವಿನಲ್ಲಿರದೆ ಒಂದು ಪಕ್ಕಕ್ಕೆ ಅಂಟಿರುತ್ತದೆ. ಬುಡದಲ್ಲಿ ಬಿಳಿ ನವಿರು. ದಂಟಿನ ಸುತ್ತ ಉಂಗುರವಿಲ್ಲ, ಬುಡದಲ್ಲಿ ಚೀಲವಿಲ್ಲ. ಈ ಎರಡು ಇಲ್ಲಗಳನ್ನು ನೆನಪಿಟ್ಟುಕೊಳ್ಳಬೇಕು. ಟೋಪಿಯೊಂದನ್ನು ಕತ್ತರಿಸಿ ಕಪ್ಪು ಕಾಗದದ ಮೇಲೆ ರಾತ್ರಿ ಕವುಚಿಟ್ಟರೆ ಬೆಳಗ್ಗೆ ಬಿಳಿಯ, ತುಸು ನೇರಳೆ ಮಿಶ್ರಿತ ಬೀಜಕಗಳ ಪುಡಿ ಕಿವಿರುಗಳ ಅಚ್ಚನ್ನೇ ಬಿಡಿಸಿರುತ್ತದೆ.

ಆತಿಥ್ಯ ಕೊಡುವ ಮರಗಳಲ್ಲಿ ಬೀಚ್ ಮೊದಲು. ಪಾಪ್ಲರ್, ವಿಲ್ಲೋ, ಕುದುರೆ ಚೆಸ್ಟ್‌ನಟ್, ಆಕ್ರೋಟ ಮರಗಳ ಮೇಲೂ ಕಾಣುತ್ತದೆ. ಸ್ಪ್ರೂಸ್‌ನಂಥ ಸೂಜಿ ಎಲೆಯ ಮರದ ಮೇಲೆ ಅಪರೂಪ. ಪಾಪ್ಲರ್, ವಿಲ್ಲೋಗಳ ಮೇಲೂ ಬರುವುದರಿಂದ ದೊಡ್ಡ ಕಾಡೇ ಬೇಕೆಂದಿಲ್ಲ. ನದೀ ದಂಡೆಯ ಹಳೆಯ ಪಾಪ್ಲರ್ ಬುಡ, ನಗರದ ಉದ್ಯಾನದಲ್ಲಿ ಕಡಿದು ಬಿಟ್ಟ ವಿಲ್ಲೋ ಕೊರಡು, ಇವೂ ಇದರ ಮನೆಯೇ.

ಯಾವ ಅಣಬೆ ಮನೆಗೆ ಬರುತ್ತದೆ

ಜರ್ಮನ್ನರು ಪ್ರಾಣ ಬಿಡುವ ಎರಡು ಕಾಡು ಅಣಬೆಗಳು ಷ್ಟೈನ್‌ಪಿಲ್ತ್ಸ್ ಮತ್ತು ಫಿಫರ್ಲಿಂಗ್. ಮೊದಲನೆಯದು ದಪ್ಪ ದಂಟಿನ, ಕಂದು ಟೋಪಿಯ, ಕಿವಿರಿನ ಬದಲು ಸ್ಪಂಜಿನಂಥ ರಂಧ್ರಗಳಿರುವ ಅಣಬೆ. ಎರಡನೆಯದು ಅರಿಸಿನ ಬಣ್ಣದ, ಏಪ್ರಿಕಾಟ್ ಪರಿಮಳದ ಅಣಬೆ. ಇವೆರಡನ್ನೂ ಮನೆಯಲ್ಲಿ ಬೆಳೆಸಲು ಬಾರದು. ಇವುಗಳ ಎಳೆಗಳು ಸ್ಪ್ರೂಸ್, ಬೀಚ್, ಓಕ್ ಮರಗಳ ಜೀವಂತ ಬೇರಿಗೆ ಸುತ್ತಿಕೊಂಡು, ಮಣ್ಣಿನ ನೀರು ಮತ್ತು ಲವಣಗಳನ್ನು ಮರಕ್ಕೆ ಕೊಟ್ಟು ಮರದಿಂದ ಸಕ್ಕರೆ ಪಡೆದು ಬದುಕುತ್ತವೆ. ಮರವಿಲ್ಲದೆ ಅಣಬೆಯಿಲ್ಲ. ನಮ್ಮ ಮಲೆನಾಡು, ಕರಾವಳಿ, ಕೊಡಗುಗಳಲ್ಲಿ ಮೊದಲ ಮಳೆ ಬಿದ್ದು ಗುಡುಗಿದ ಮೇಲೆ ಏಳುವ ಹುತ್ತದ ಅಣಬೆಯದೂ ಇದೇ ಕಥೆ, ಸಂಗಾತಿ ಮಾತ್ರ ಬೇರೆ: ಗೆದ್ದಲು ತನ್ನ ಹುತ್ತದೊಳಗೆ ಸಾಕುವ ಶಿಲೀಂಧ್ರ ಅದು. ಗೆದ್ದಲಿಲ್ಲದೆ ಅದನ್ನು ಮನೆಯಲ್ಲಿ ಬೆಳೆಸಲಾಗದು.

ಚಿಪ್ಪು ಅಣಬೆ ಯಾರ ಹಂಗಿನಲ್ಲೂ ಇಲ್ಲ. ಅದು ಸತ್ತ ಮರವನ್ನು ತಿಂದು ಬದುಕುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯಬಲ್ಲ ಕಿಣ್ವಗಳು ಅದರಲ್ಲಿವೆ. ಅದು ತಿಂದು ಬಿಟ್ಟ ಮರ ಬಿಳಿಚಿಕೊಂಡು, ಹಗುರಾಗಿ, ನಾರುನಾರಾಗುತ್ತದೆ. ಸಾರಜನಕ ಕಡಿಮೆಯಿರುವ ಮರದಲ್ಲಿ ಬದುಕಬೇಕಾದ್ದರಿಂದ ಅದು ಬೇಟೆಯನ್ನೂ ಆಡುತ್ತದೆ: ಎಳೆಗಳಿಂದ ಒಸರುವ ವಿಷದ ಹನಿಗೆ ತಾಗಿದ ಸೂಕ್ಷ್ಮ ದುಂಡುಹುಳುಗಳು ನಿಶ್ಚೇಷ್ಟಿತವಾಗುತ್ತವೆ, ಎಳೆಗಳು ಅವುಗಳೊಳಕ್ಕೆ ಹೊಕ್ಕು ಜೀರ್ಣಿಸುತ್ತವೆ. ಮರದ ದಿಮ್ಮಿ, ಗೋಧಿ ಹುಲ್ಲು, ಭತ್ತದ ಹುಲ್ಲು, ಗರಗಸದ ಹೊಟ್ಟು, ಕಾಫಿ ಚರಟ, ಹತ್ತಿ ಕಡ್ಡಿ, ಬಾಳೆದಿಂಡು ಯಾವುದನ್ನು ಕೊಟ್ಟರೂ ಅದು ಬೇಡವೆನ್ನುವುದಿಲ್ಲ. ಕಾಡು ಅಣಬೆಯೊಂದು ಮನೆಗೆ ಬರಬಲ್ಲದೇ ಎಂಬುದು ಅದರ ರುಚಿಯಿಂದಲೋ ಬೆಲೆಯಿಂದಲೋ ತೀರ್ಮಾನವಾಗುವುದಿಲ್ಲ, ಅದರ ಊಟದಿಂದ ತೀರ್ಮಾನವಾಗುತ್ತದೆ.

ಚರಿತ್ರೆ

ಈ ಅಣಬೆಯನ್ನು 1775ರಲ್ಲಿ ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವರು ವಿಯೆನ್ನಾದ ಸಸ್ಯವಿಜ್ಞಾನಿ ನಿಕೊಲಾಸ್ ಯೋಸೆಫ್ ಫಾನ್ ಯಾಕ್ವಿನ್. ಆಗಿನ ರೂಢಿಯಂತೆ ಕಿವಿರಿನ ಅಣಬೆಗಳೆಲ್ಲ ಅಗಾರಿಕಸ್ ಎಂಬ ಒಂದೇ ದೊಡ್ಡ ಚೀಲದಲ್ಲಿದ್ದವು. ಜರ್ಮನಿಯ ತ್ಸೆರ್ಬ್‌ಸ್ಟ್ ಪಟ್ಟಣದ ಪಾದ್ರಿ ಪೌಲ್ ಕುಮ್ಮರ್ 1871ರಲ್ಲಿ ಪ್ರಕಟಿಸಿದ ಅಣಬೆ ಕೈಪಿಡಿಯಲ್ಲಿ ಇದನ್ನು ಪ್ಲೂರೋಟಸ್ ಕುಲಕ್ಕೆ ಸೇರಿಸಿದರು. ಇಂದಿಗೂ ಶಾಸ್ತ್ರೀಯ ಹೆಸರಿನ ಬಾಲದಲ್ಲಿ ಈ ಇಬ್ಬರ ಹೆಸರೂ ಇದೆ.

ಬೆಳೆಸುವ ಚರಿತ್ರೆ ಹಸಿವಿನಿಂದ ಶುರುವಾಗುತ್ತದೆ. 1916–17ರ ಚಳಿಗಾಲವನ್ನು ಜರ್ಮನ್ನರು ಇಂದಿಗೂ ಟರ್ನಿಪ್ ಚಳಿಗಾಲ ಎನ್ನುತ್ತಾರೆ. ಬ್ರಿಟನ್ನಿನ ನೌಕಾ ದಿಗ್ಬಂಧನದಿಂದ ಆಹಾರ ಬರುವುದು ನಿಂತಿತ್ತು, ಆಲೂಗಡ್ಡೆ ಬೆಳೆ ಕೈಕೊಟ್ಟಿತ್ತು, ದನಗಳಿಗೆ ಹಾಕುವ ಗಡ್ಡೆ ಜನರ ತಟ್ಟೆಗೆ ಬಂದಿತ್ತು. ವೆರ್ರಾ ಮತ್ತು ಫುಲ್ಡಾ ನದಿಗಳು ಕೂಡಿ ವೇಸರ್ ಆಗುವ ಹಾನೋಫರ್ಶ್ ಮ್ಯೂಂಡನ್ ಪಟ್ಟಣದ ಅರಣ್ಯ ವಿದ್ಯಾಲಯದಲ್ಲಿ ರಿಚರ್ಡ್ ಫಾಲ್ಕ್ ಎಂಬ ಶಿಲೀಂಧ್ರ ವಿಜ್ಞಾನಿ ಆಗ ಪ್ರಾಧ್ಯಾಪಕರು. ಕಟ್ಟಡಗಳ ಮರವನ್ನು ತಿಂದು ಹಾಳುಮಾಡುವ ಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತಿದ್ದವರು. ಮರ ತಿನ್ನುವ ಶಿಲೀಂಧ್ರದ ಗುಣ ಬಲ್ಲ ಅವರು ಅದೇ ಗುಣವನ್ನು ಊಟಕ್ಕೆ ತಿರುಗಿಸಿದರು: ಕಾಡಿನಲ್ಲಿ ಕಡಿದ ಮೇಲೆ ಉಳಿಯುವ ಎಲೆಮರಗಳ ಬುಡಕ್ಕೆ ಚಿಪ್ಪು ಅಣಬೆಯನ್ನು ನೆಟ್ಟು ಬೆಳೆಸುವ ಕ್ರಮವನ್ನು 1917ರಲ್ಲಿ ಪ್ರಕಟಿಸಿದರು. ನಿರುಪಯೋಗಿ ಬುಡ ಬೇಗ ಕೊಳೆತು ಮಣ್ಣಾಗುತ್ತದೆ, ನಡುವೆ ನಾಲ್ಕಾರು ವರ್ಷ ಜನರಿಗೆ ಆಹಾರ ಸಿಗುತ್ತದೆ. ಫಾಲ್ಕ್ ಯಹೂದಿ ಮೂಲದವರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಹುದ್ದೆ ಕಳೆದುಕೊಂಡು ದೇಶ ಬಿಟ್ಟರು. 1955ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಇಂದು ಜಗತ್ತಿನಾದ್ಯಂತ ಬೆಳೆಯುವ ಬೆಳೆಯೊಂದರ ಮೊದಲ ಕೃಷಿಕನಿಗೆ ಸಿಗಬೇಕಾದ ಮನ್ನಣೆ ಅವರಿಗೆ ಸಿಕ್ಕಿಲ್ಲ ಎಂದೇ ಹೇಳಬೇಕು.

ಎರಡನೆಯ ಮಹಾಯುದ್ಧದ ನಂತರ ಈ ವಿದ್ಯೆ ಬೆಳೆದದ್ದು ಮುಖ್ಯವಾಗಿ ಪೂರ್ವ ಜರ್ಮನಿಯಲ್ಲಿ. ಥ್ಯುರಿಂಗಿಯಾದ ಷ್ಟೈನಾಖ್‌ನಲ್ಲಿ ವಾಲ್ಟರ್ ಲುಟ್‌ಹಾರ್ಟ್ ಬೀಚ್ ಮರಕ್ಕೆ ಶಿಲೀಂಧ್ರ ಹಾಯಿಸಿ ಅದನ್ನು ಹಗುರಾಗಿಸುವ ವಿಧಾನ ಕಂಡುಹಿಡಿದರು. ಮ್ಯೂಕೊಹೊಲ್ತ್ಸ್ ಎಂದು ಕರೆದ ಆ ಮರದಿಂದ ಪೆನ್ಸಿಲ್ಲುಗಳನ್ನು ಮಾಡಿದರು. ಅದೇ ದಿಮ್ಮಿಗಳು ಅಣಬೆಯನ್ನೂ ಕೊಟ್ಟವು. ಹಿತ್ತಿಲ ದಿಮ್ಮಿ ಕೃಷಿ ತೋಟಗಾರರಲ್ಲಿ ಹರಡಲು ಲುಟ್‌ಹಾರ್ಟ್ ಅವರ ಬರಹಗಳೇ ಕಾರಣ. 1969ರಲ್ಲಿ ಪೂರ್ವ ಜರ್ಮನಿಯವರೇ ಆದ ಯೋಆಖಿಮ್ ಪ್ಯುಷೆಲ್ ಇನ್ನೊಂದು ಜಾತಿಯನ್ನು ಕೃಷಿಗೆ ತಂದರು: ತೋಟದ ಹುಲ್ಲಿನ ಮಡಿಯಲ್ಲಿ ಬೆಳೆಯುವ, ಕೆಂಗಂದು ಟೋಪಿಯ ರೀಜನ್‌ಟ್ರಾಯ್ಷ್ಲಿಂಗ್. ಈಗ ಇದನ್ನು ಬ್ರೌನ್‌ಕಾಪ್ಪೆ ಎಂದು ಮಾರುತ್ತಾರೆ. ನಗರದಂಚಿನ ಬಾಡಿಗೆ ತೋಟಗಳಲ್ಲಿ ಟೊಮೆಟೊ ಸಾಲಿನ ನೆರಳಿನಲ್ಲಿ ಇದರ ಮಡಿಗಳನ್ನು ಇಂದಿಗೂ ಕಾಣಬಹುದು.

ಪಶ್ಚಿಮ ಜರ್ಮನಿಯಲ್ಲಿ ತಿರುವು ಕೊಟ್ಟವರು ಮಾರ್ಬುರ್ಗ್ ವಿಶ್ವವಿದ್ಯಾಲಯದ ಗೆರ್‌ಲಿಂಡ್ ಎಗರ್. ಅಮೆರಿಕದ ಫ್ಲೋರಿಡಾದಿಂದ ಬಂದ ತಳಿಯೊಂದು ಚಳಿಯ ಏಟಿಲ್ಲದೆಯೇ, ಬೆಚ್ಚಗಿನ ಹವೆಯಲ್ಲೂ ಫಲಿಸುತ್ತಿತ್ತು. ಎಗರ್ 1960 ಮತ್ತು 70ರ ದಶಕಗಳಲ್ಲಿ ಅದನ್ನು ಅಭ್ಯಸಿಸಿ, ಯುರೋಪಿನ ಚಳಿಗಾಲದ ತಳಿಗಳೊಂದಿಗೆ ಕೂಡಿಸಿದರು. ಕರ್ನಾಟಕದ ಬೆಳೆಗಾರರು ಪ್ಲೂರೋಟಸ್ ಫ್ಲೋರಿಡಾ ಎಂದು ಬೀಜ ತರಿಸುತ್ತಾರಲ್ಲ, ಆ ಹೆಸರಿನ ಜೊತೆ ಹಳೆಯ ಪುಸ್ತಕಗಳಲ್ಲಿ ಕಾಣುವ ಎಗರ್ ಈಕೆಯೇ. ಬ್ರೌನ್‌ಷ್ವೈಗ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಫ್ರಾಂಟಿಷೆಕ್ ಜಡ್ರಾಜಿಲ್ ಅದೇ ಕಾಲದಲ್ಲಿ ಇನ್ನೊಂದು ಪ್ರಶ್ನೆ ಹಿಡಿದಿದ್ದರು: ಅಣಬೆ ಕೊಯ್ದ ಮೇಲೆ ಉಳಿಯುವ ಹುಲ್ಲು ದನಕ್ಕೆ ಸುಲಭವಾಗಿ ಜೀರ್ಣವಾಗುವ ಮೇವಾದೀತೇ?

ಹುಲ್ಲಿನ ವಿಷಯದಲ್ಲಿ ಮೈಸೂರು ಮುಂದಿತ್ತು. ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಜಕಿಯಾ ಬಾನೊ ಮತ್ತು ಎಚ್. ಸಿ. ಶ್ರೀವಾಸ್ತವ 1962ರಲ್ಲೇ ಭತ್ತದ ಹುಲ್ಲಿನ ಮೇಲೆ ಪ್ಲೂರೋಟಸ್ ಬೆಳೆಸಿದ ಅಧ್ಯಯನ ಪ್ರಕಟಿಸಿದ್ದರು. ಮುಂದೆ ಬಾನೊ ಮತ್ತು ಎಸ್. ರಾಜರತ್ನಂ ಈ ಕುಲದ ಜೀವಶಾಸ್ತ್ರ, ಕೃಷಿ, ಪೌಷ್ಟಿಕತೆ ಕುರಿತು 1980ರ ದಶಕದ ಕೊನೆಯಲ್ಲಿ ಬರೆದ ವಿಮರ್ಶಾ ಲೇಖನಮಾಲೆಯನ್ನು ಜಗತ್ತಿನ ಎಲ್ಲ ಕಡೆಯ ಸಂಶೋಧಕರು ಉಲ್ಲೇಖಿಸುತ್ತಾರೆ. ಮರದ ಬುಡ ಎಲ್ಲರಿಗೂ ಸಿಗುವುದಿಲ್ಲ, ಫಲಕ್ಕೆ ವರ್ಷ ಕಾಯಬೇಕು. ಹುಲ್ಲು ಬಡವನ ಕಣದಲ್ಲೂ ಇದೆ, ತಿಂಗಳೊಳಗೆ ಫಲ. ಚಿಪ್ಪು ಅಣಬೆ ಬಡವರ ಬೆಳೆಯಾದದ್ದು ಹುಲ್ಲಿನಿಂದ, ಹುಲ್ಲಿಗೆ ಆ ಮಾನ ತಂದವರಲ್ಲಿ ಮೈಸೂರಿನವರ ಪಾಲು ದೊಡ್ಡದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇಂದಿಗೂ ಅಣಬೆ ಬೀಜ ಮತ್ತು ತರಬೇತಿ ಕೊಡುತ್ತದೆ.

ಕಾಡಿನಲ್ಲಿ ಆಯುವುದು

ಜರ್ಮನಿಯ ನೆಲದ ಮೂರನೆಯ ಒಂದು ಭಾಗ ಕಾಡು. ವಿಹಾರಕ್ಕಾಗಿ ಯಾರ ಕಾಡಿಗಾದರೂ, ಖಾಸಗಿಯಾದರೂ, ಕಾಲಿಡುವ ಹಕ್ಕು ಎಲ್ಲರಿಗೂ ಇದೆ. 1946ರ ಬವೇರಿಯಾ ಸಂವಿಧಾನವಂತೂ ಕಾಡಿನ ಹಣ್ಣುಹಂಪಲನ್ನು ಊರ ರೂಢಿಯಷ್ಟು ಆಯ್ದುಕೊಳ್ಳುವುದನ್ನು ಹಕ್ಕೆಂದೇ ಬರೆದಿಟ್ಟಿದೆ. ಬವೇರಿಯನ್ನರು ಶ್ವಾಮರ್ಲ್ ಎನ್ನುವ ಅಣಬೆಗಳನ್ನು ಅರಸುತ್ತ ಬುಟ್ಟಿ ಹಿಡಿದು ಕುಟುಂಬ ಸಮೇತ ಹೊರಡುವುದು ಅಲ್ಲಿನ ಶರತ್ಕಾಲದ ಸಹಜ ದೃಶ್ಯ. ಹಕ್ಕಿಗೆ ಮಿತಿಯೂ ಇದೆ. ಒಕ್ಕೂಟದ ನಿಸರ್ಗ ಸಂರಕ್ಷಣಾ ಕಾನೂನಿನ 39ನೆಯ ಕಲಮಿನ ಪ್ರಕಾರ ಕಾಡು ಹೂ, ಹಣ್ಣು, ಅಣಬೆಗಳನ್ನು ಸ್ವಂತ ಬಳಕೆಗೆ, ಅಲ್ಪ ಪ್ರಮಾಣದಲ್ಲಿ, ಜೋಪಾನವಾಗಿ ತೆಗೆಯಬಹುದು. ಷ್ಟೈನ್‌ಪಿಲ್ತ್ಸ್, ಫಿಫರ್ಲಿಂಗ್, ಮೋರೆಲ್‌ಗಳು ವಿಶೇಷ ರಕ್ಷಣೆಯ ಪಟ್ಟಿಯಲ್ಲಿದ್ದರೂ ಮನೆ ಬಳಕೆಗೆ ಸ್ವಲ್ಪ ತರಲು ವಿನಾಯಿತಿ ಇದೆ. ಟ್ರಫಲ್‌ಗೆ ವಿನಾಯಿತಿಯೂ ಇಲ್ಲ. ಅಲ್ಪ ಪ್ರಮಾಣವೆಂದರೆ ಒಬ್ಬರಿಗೆ ದಿನಕ್ಕೆ ಒಂದೆರಡು ಕಿಲೋ ಎಂಬುದು ರೂಢಿಯ ಲೆಕ್ಕ. ಮೀರಿದರೆ ಸಾವಿರಾರು ಯೂರೋ ದಂಡ ಬಿದ್ದ ಉದಾಹರಣೆಗಳಿವೆ. ಚಿಪ್ಪು ಅಣಬೆ ವಿಶೇಷ ರಕ್ಷಣೆಯ ಪಟ್ಟಿಯಲ್ಲಿಲ್ಲ, ಆದರೆ ಸಾಮಾನ್ಯ ನಿಯಮ ಅದಕ್ಕೂ ಅನ್ವಯಿಸುತ್ತದೆ. ಅಣಬೆ ಬಿಟ್ಟ ದಿಮ್ಮಿಯನ್ನೇ ಹೊತ್ತು ತರುವಂತಿಲ್ಲ. ಮರ ಕಾಡಿನ ಒಡೆಯನದು.

ಇನ್ನೊಂದು ಮಾತು. ಬಿದ್ದ ದೊಡ್ಡ ಬೀಚ್ ಮರಗಳು ಹೇರಳವಾಗಿರುವ ಕಾಡುಗಳೆಂದರೆ ಹೈನಿಖ್, ಯಾಸ್ಮುಂಡ್, ಸೆರ್ರಾನ್, ಗ್ರುಮ್ಸಿನ್, ಕೆಲ್ಲರ್‌ವಾಲ್ಡ್. 2011ರಲ್ಲಿ ಯುನೆಸ್ಕೊ ವಿಶ್ವಪರಂಪರೆಗೆ ಸೇರಿದ ಈ ಪುರಾತನ ಬೀಚ್ ಕಾಡುಗಳಲ್ಲಿ ನೋಡಬಹುದು, ಮುಟ್ಟಬಾರದು. ಬುಟ್ಟಿ ತುಂಬಿಸಿಕೊಳ್ಳಲು ಸಾಮಾನ್ಯ ಕಾಡು, ನದೀ ದಂಡೆ ಸಾಕು.

ಅಪಾಯದ ವಿಚಾರಕ್ಕೆ ಬಂದರೆ, ಚಿಪ್ಪು ಅಣಬೆಯನ್ನು ಹೋಲುವ ಮಾರಕ ಜಾತಿ ಮಧ್ಯ ಯುರೋಪಿನ ಚಳಿಗಾಲದಲ್ಲಿ ಇಲ್ಲವೆಂದೇ ಹೇಳಬಹುದು. ಅದೇ ಕಾಲಕ್ಕೆ ಅದೇ ಮರಗಳಲ್ಲಿ ಬರುವ, ಹಳದಿ ದಂಟಿನ, ಹಸಿರು ಛಾಯೆಯ ಟೋಪಿಯ ಜಾತಿಯೊಂದು ಕಹಿ. ಅಂಗೈಯಗಲಕ್ಕೂ ಬಾರದ ಒಗರು ಜಾತಿ ಇನ್ನೊಂದು. ಎಚ್ಚರ ಬೇಕಾದದ್ದು ಸೂಜಿ ಎಲೆಯ ಮರಗಳ ಕೊಳೆತ ಬುಡದಲ್ಲಿ ಬರುವ ಅಪ್ಪಟ ಬಿಳಿಯ, ತೆಳು ರೆಕ್ಕೆಯಂಥ ಅಣಬೆಯ ಬಗ್ಗೆ. ಜಪಾನಿನಲ್ಲಿ ತಲೆಮಾರುಗಳಿಂದ ತಿನ್ನುತ್ತಿದ್ದ ಈ ಜಾತಿ 2004ರ ಶರತ್ಕಾಲದಲ್ಲಿ 17 ಮಂದಿಯನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಬಹುತೇಕರು ಮೂತ್ರಪಿಂಡದ ರೋಗಿಗಳು. ಎಲೆಮರದ ಮೇಲೆ ಬೆಳೆದದ್ದನ್ನು ಮಾತ್ರ ಆಯುವುದು ಹೊಸಬರಿಗೆ ಒಳ್ಳೆಯ ನಿಯಮ.

ಚಿಪ್ಪು ಅಣಬೆ ಆಯಲು ಹೋದವರ ಕಣ್ಣು ಅಲ್ಲಿಗೇ ನಿಲ್ಲುವುದಿಲ್ಲ ಎಂಬುದೇ ತೊಡಕು. ನೆಲದಲ್ಲೂ ಅಣಬೆಗಳಿರುತ್ತವೆ. ಜರ್ಮನಿಯಲ್ಲಿ ಅಣಬೆಯಿಂದಾಗುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಹಸಿರು ಟೋಪಿಯ ಕ್ನೊಲ್ಲನ್‌ಬ್ಲೆಟರ್‌ಪಿಲ್ತ್ಸ್. ಎಳೆಯದಾಗಿದ್ದಾಗ ಬಿಳಿಯ ಪೊರೆಯೊಳಗೆ ಮೊಟ್ಟೆಯ ಆಕಾರದಲ್ಲಿರುತ್ತದೆ. ಹುಲ್ಲಿನ ಬಣವೆಯಲ್ಲಿ ಏಳುವ ನಮ್ಮ ಭತ್ತದ ಹುಲ್ಲಿನ ಅಣಬೆಯೂ ಎಳೆಯದಾಗಿ ಹಾಗೆಯೇ ಕಾಣುತ್ತದೆ. ಕ್ನೊಲ್ಲನ್‌ಬ್ಲೆಟರ್‌ಪಿಲ್ತ್ಸ್‌ನ ರುಚಿ ಚೆನ್ನಾಗಿರುತ್ತದೆ ಎಂದು ತಿಂದು ಬದುಕಿದವರು ಹೇಳಿದ್ದಾರೆ. ಬೇಯಿಸಿದರೂ ಒಣಗಿಸಿದರೂ ವಿಷ ಹೋಗುವುದಿಲ್ಲ. ತಿಂದ ಮೇಲೆ ಆರರಿಂದ ಇಪ್ಪತ್ತನಾಲ್ಕು ಗಂಟೆ ಏನೂ ಆಗುವುದಿಲ್ಲ. ವಾಂತಿ ಭೇದಿ ಶುರುವಾಗುವ ಹೊತ್ತಿಗೆ ವಿಷ ಯಕೃತ್ತಿಗೆ ಇಳಿದಿರುತ್ತದೆ. ನಡುವೆ ಒಂದು ದಿನ ಗುಣವಾದಂತೆ ಅನಿಸಿ ಮತ್ತೆ ಕುಸಿಯುವುದೂ ಉಂಟು. ಹಾಲುಮುಳ್ಳು ಗಿಡದಿಂದ ತೆಗೆದ ಸಿಲಿಬಿನಿನ್ ಚುಚ್ಚುಮದ್ದು ಸಕಾಲಕ್ಕೆ ಸಿಕ್ಕರೆ ನೆರವಾಗುತ್ತದೆ. ಕೆಲವರಿಗೆ ಯಕೃತ್ತಿನ ಕಸಿಯೊಂದೇ ದಾರಿ.

2015ರ ಶರತ್ಕಾಲದಲ್ಲಿ ಜರ್ಮನಿಗೆ ಹೊಸದಾಗಿ ಬಂದ ನಿರಾಶ್ರಿತರಲ್ಲಿ ಹಲವರು ಈ ವಿಷಕ್ಕೆ ತುತ್ತಾದರು. ತಮ್ಮ ಊರಿನಲ್ಲಿ ತಿನ್ನುತ್ತಿದ್ದ ಅಣಬೆಯೆಂದೇ ನಂಬಿ ಆಯ್ದು ಬೇಯಿಸಿದ್ದರು. ಹಾನೋಫರ್ ವೈದ್ಯಕೀಯ ವಿಶ್ವವಿದ್ಯಾಲಯದ ವೈದ್ಯರು ಹಲವು ಭಾಷೆಗಳಲ್ಲಿ ಎಚ್ಚರಿಕೆಯ ಭಿತ್ತಿಪತ್ರ ಮಾಡಿಸಬೇಕಾಯಿತು. ಆ ನಿರಾಶ್ರಿತರು ಅಜ್ಞಾನಿಗಳಾಗಿರಲಿಲ್ಲ, ತಮ್ಮ ನೆಲದ ಅಣಬೆಗಳನ್ನು ಚೆನ್ನಾಗಿ ಬಲ್ಲವರು. ಅಣಬೆಯ ತಿಳಿವಳಿಕೆ ಒಂದು ನೆಲಕ್ಕೆ ಅಂಟಿದ ತಿಳಿವಳಿಕೆ, ಸಾಮಾನಿನ ಜೊತೆ ಗಡಿ ದಾಟಿಸಿ ತರುವಂಥದ್ದಲ್ಲ. ತೀರ್ಥಹಳ್ಳಿಯಲ್ಲೋ ಪುತ್ತೂರಿನಲ್ಲೋ ಅಜ್ಜಿಯ ಜೊತೆ ಅಣಬೆ ಹೆಕ್ಕಿ ಬೆಳೆದು ಈಗ ಮ್ಯೂನಿಕ್, ಷ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್‌ಗಳಲ್ಲಿ ನೆಲೆಸಿದ ಕನ್ನಡಿಗರು ಗಟ್ಟಿಯಾಗಿ ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು. ಕಲಿತವರೂ ತಪ್ಪುತ್ತಾರೆ: ತಿನ್ನಬಹುದೆಂದು ಆಗ ಎಲ್ಲರೂ ನಂಬಿದ್ದ ಕಾಲರ್ ಕ್ರೆಂಪ್ಲಿಂಗ್ ಎಂಬ ಅಣಬೆಯನ್ನು ತಿಂದು 1944ರಲ್ಲಿ ತೀರಿಕೊಂಡ ಯೂಲಿಯಸ್ ಷೆಫರ್ ಜರ್ಮನಿಯ ಹೆಸರಾಂತ ಅಣಬೆ ವಿಜ್ಞಾನಿ.

ಇಂಥ ತಪ್ಪುಗಳನ್ನು ತಡೆಯಲು ಜರ್ಮನಿ ಕಟ್ಟಿಕೊಂಡಿರುವ ವ್ಯವಸ್ಥೆ ಮೆಚ್ಚುವಂಥದ್ದು. 1921ರಲ್ಲಿ ಸ್ಥಾಪನೆಯಾದ ಜರ್ಮನ್ ಶಿಲೀಂಧ್ರಶಾಸ್ತ್ರ ಸಂಘ ಪರೀಕ್ಷೆ ನಡೆಸಿ ಅಣಬೆ ಸಲಹೆಗಾರರನ್ನು ತಯಾರಿಸುತ್ತದೆ. ಇವರಲ್ಲಿ ಬಹಳ ಮಂದಿ ಗೌರವ ಸೇವೆ ಸಲ್ಲಿಸುವವರು. ಬುಟ್ಟಿ ಮುಂದಿಟ್ಟರೆ ಒಂದೊಂದನ್ನೇ ತಿರುಗಿಸಿ, ಮೂಸಿ, ಬುಡ ನೋಡಿ, ತಿನ್ನುವುದನ್ನೂ ತಿನ್ನಬಾರದ್ದನ್ನೂ ಬೇರ್ಪಡಿಸಿ ಕೊಡುತ್ತಾರೆ. ಪೂರ್ವ ಜರ್ಮನಿಯಲ್ಲಿ ಊರೂರಿಗೆ ಇಂಥ ಸಲಹೆಗಾರರನ್ನು ಸರ್ಕಾರವೇ ನೇಮಿಸುತ್ತಿತ್ತು. ಅಣಬೆಯನ್ನು ಬುಡಸಮೇತ ತರಬೇಕು. ಕುಯ್ದು ಟೋಪಿ ಮಾತ್ರ ತಂದರೆ ಗುರುತಿಸಲು ಬೇಕಾದ ಬುಡದ ಚೀಲವೇ ಕಾಡಿನಲ್ಲಿ ಉಳಿದುಬಿಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೆವರಿ ಕೆಡುತ್ತದೆ, ಬೆತ್ತದ ಬುಟ್ಟಿಯೇ ಸರಿ. ಮೊಬೈಲಿನ ಚಿತ್ರ ಗುರುತಿಸುವ ಆ್ಯಪ್ ನಂಬಿ ತಿನ್ನುವುದು ಪ್ರಾಣದ ಜೊತೆ ಜೂಜು.

ದಕ್ಷಿಣ ಜರ್ಮನಿಯಲ್ಲಿ 1986ರ ಚೆರ್ನೋಬಿಲ್ ದುರಂತದ ನೆರಳು ಇನ್ನೂ ಇದೆ. ಆಗ ಮಳೆಯೊಡನೆ ಇಳಿದ ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಬವೇರಿಯಾ ಕಾಡಿನ ಹ್ಯೂಮಸ್‌ನಲ್ಲಿ ಅದು ಸುತ್ತುತ್ತಲೇ ಇದೆ. ಮಾರಾಟಕ್ಕಿರುವ ಅಣಬೆಯಲ್ಲಿ ಕಿಲೋಗೆ 600 ಬೆಕೆರೆಲ್ ಮಿತಿ. ಮರದ ಮೇಲೆ ಬೆಳೆಯುವ ಜಾತಿಗಳಲ್ಲಿ ಸೀಸಿಯಂ ಸಾಮಾನ್ಯವಾಗಿ ಕಡಿಮೆ, ಮನೆಯಲ್ಲಿ ಹುಲ್ಲಿನ ಮೇಲೆ ಬೆಳೆದದ್ದರಲ್ಲಿ ಆ ಚಿಂತೆಯೇ ಇಲ್ಲ.

ಮನೆಯಲ್ಲಿ ಬೆಳೆಸುವುದು

ಹಿತ್ತಿಲಿದ್ದವರಿಗೆ ದಿಮ್ಮಿ. ಚಳಿಗಾಲದಲ್ಲಿ ಕಡಿದ, ತೊಗಟೆ ಸುಲಿಯದ, ಆರೋಗ್ಯವಾಗಿದ್ದ ಬೀಚ್ ಅಥವಾ ಪಾಪ್ಲರ್ ಮರದ ತುಂಡು ಬೇಕು. 30ರಿಂದ 50 ಸೆಂ.ಮೀ. ಉದ್ದ, 15ರಿಂದ 25 ಸೆಂ.ಮೀ. ದಪ್ಪ. ಒಲೆಗೆಂದು ಒಣಗಿಸಿದ ಸೌದೆ ಪ್ರಯೋಜನವಿಲ್ಲ, ಅದರಲ್ಲಿ ನೀರಿರುವುದಿಲ್ಲ, ಬೇರೆ ಶಿಲೀಂಧ್ರಗಳು ಆಗಲೇ ಮನೆ ಮಾಡಿರುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ ದಿಮ್ಮಿಗೆ ರಂಧ್ರ ಕೊರೆದು, ಅಣಬೆ ಎಳೆ ಹಬ್ಬಿಸಿದ ಮರದ ಗೂಟಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಕು. ಇಲ್ಲವೇ ಗರಗಸದಿಂದ ಅರ್ಧದವರೆಗೆ ಸೀಳಿ ಆ ಸೀಳಿಗೆ ಅಣಬೆ ಬೀಜ, ಅಂದರೆ ಎಳೆ ಹಬ್ಬಿಸಿದ ಧಾನ್ಯ, ತುಂಬಿ ಟೇಪು ಸುತ್ತಬೇಕು. ಆಮೇಲೆ ನೆರಳಿನಲ್ಲಿ, ತೇವ ಆರದಂತೆ ಹೊದಿಸಿ ಮೂರರಿಂದ ಆರು ತಿಂಗಳು ಬಿಡುವುದು. ಕತ್ತರಿಸಿದ ಮೈಯಲ್ಲಿ ಬಿಳಿ ಮಚ್ಚೆಗಳು ಕಂಡರೆ ಎಳೆ ಹಾಯ್ದಿದೆ ಎಂದರ್ಥ. ಆಗ ದಿಮ್ಮಿಯನ್ನು ಮೂರನೆಯ ಒಂದು ಭಾಗ ಮಣ್ಣಿನಲ್ಲಿ ಹೂತು ನಿಲ್ಲಿಸಿದರೆ ನೆಲದ ತೇವ ತಾನೇ ಹೀರಿಕೊಳ್ಳುತ್ತದೆ. ಅದೃಷ್ಟವಿದ್ದರೆ ಅದೇ ಶರತ್ಕಾಲ, ಇಲ್ಲದಿದ್ದರೆ ಮರುವರ್ಷ ಫಲ. ಮೆದು ಮರ ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ಬೀಚ್ ಇನ್ನೂ ಹೆಚ್ಚು ವರ್ಷ ಕೊಡುತ್ತದೆ.

ದಿಮ್ಮಿಯಲ್ಲಿ ಬೆಳೆಸುವ ಇನ್ನೊಂದು ಜಾತಿ ಷ್ಟೊಕ್‌ಶ್ವೆಮ್ಖನ್, ಸಾರಿಗೆ ಹೇಳಿಮಾಡಿಸಿದ ಪುಟ್ಟ ಕಂದು ಅಣಬೆ. ಇದನ್ನೇ ಹೋಲುವ ಗಿಫ್ಟ್‌ಹೊಯ್ಬ್ಲಿಂಗ್ ಮಾರಕ, ಕ್ನೊಲ್ಲನ್‌ಬ್ಲೆಟರ್‌ಪಿಲ್ತ್ಸ್‌ನ ವಿಷವೇ ಅದರಲ್ಲೂ ಇದೆ. ಬಯಲಿನಲ್ಲಿ ನಿಂತ ದಿಮ್ಮಿಗೆ ಅದು ಕರೆಯದೆ ಬರಬಲ್ಲದು. ನಾನೇ ಬೀಜ ಹಾಕಿದ್ದು ಎಂಬ ಧೈರ್ಯದಿಂದ ಕಣ್ಣುಮುಚ್ಚಿ ಕೊಯ್ಯುವಂತಿಲ್ಲ. ಮೊದಲ ಬೆಳೆಗೆ ಚಿಪ್ಪು ಅಣಬೆಯನ್ನೇ ಆರಿಸಿಕೊಳ್ಳಬೇಕೆನ್ನಲು ಇದೂ ಒಂದು ಕಾರಣ.

ಬಾಡಿಗೆ ಮನೆಯವರಿಗೆ ಹುಲ್ಲು. ಜರ್ಮನಿಯಲ್ಲಿ ಕುದುರೆ ಲಾಯಕ್ಕೆ ಹಾಸುವ ಹುಲ್ಲಿನ ಗುಳಿಗೆಗಳು ಸುಲಭವಾಗಿ ಸಿಗುತ್ತವೆ. ತಯಾರಿಕೆಯಲ್ಲಿ ಬಿಸಿಯಾಗಿರುವುದರಿಂದ ಅವುಗಳಲ್ಲಿ ಬೂಷ್ಟಿನ ಬೀಜಕಗಳು ಕಡಿಮೆ. ಒಂದು ಕಿಲೋ ಗುಳಿಗೆಗೆ ಸುಮಾರು ಎರಡು ಲೀಟರ್ ಕುದಿನೀರು ಹೊಯ್ದು ಮುಚ್ಚಿಟ್ಟರೆ ಅರಳಿಕೊಳ್ಳುತ್ತದೆ. ಸಾಧಾರಣ ಹುಲ್ಲಾದರೆ ಬೆರಳುದ್ದ ಕತ್ತರಿಸಿ, 60ರಿಂದ 70 ಡಿಗ್ರಿ ಬಿಸಿನೀರಿನಲ್ಲಿ ಕೆಲವು ಗಂಟೆ ನೆನೆಸಿ, ಬಸಿದು, ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳುವಷ್ಟು ಆರಿಸಬೇಕು. ಪೂರ್ತಿ ತಣಿದ ಮೇಲೆ ಧಾನ್ಯದ ಮೇಲೆ ಬೆಳೆಸಿದ ಬೀಜವನ್ನು ನೂರಕ್ಕೆ ಐದರಿಂದ ಹತ್ತು ಪಾಲು ಬೆರೆಸಿ ಚೀಲಕ್ಕೆ ಒತ್ತಿ ತುಂಬಿ, ಸೂಜಿಯಿಂದ ತೂತು ಮಾಡಿ, 20ರಿಂದ 25 ಡಿಗ್ರಿ ಇರುವ ಕೋಣೆಯಲ್ಲಿಡುವುದು. ಇದು ಮೈಸೂರಿನ ಕ್ರಮಕ್ಕೆ ಹತ್ತಿರವೇ, ಭತ್ತದ ಹುಲ್ಲಿನ ಜಾಗಕ್ಕೆ ಗೋಧಿ ಹುಲ್ಲು ಬಂದಿದೆ ಅಷ್ಟೆ.

ಎರಡು ಮೂರು ವಾರದಲ್ಲಿ ಬಿಳಿ ಎಳೆಗಳು ಎಲ್ಲೆಡೆ ಹಬ್ಬಿ, ಸಡಿಲವಿದ್ದ ಹುಲ್ಲು ಹೆಪ್ಪುಗಟ್ಟಿದ ಗಡಿಗೆ ಮೊಸರಿನಂತೆ ಒಂದೇ ಗಟ್ಟಿಯಾಗುತ್ತದೆ. ಒಳ್ಳೆಯ ಚೀಲಕ್ಕೆ ಹಸಿ ಅಣಬೆಯ ತಂಪು ಪರಿಮಳ. ಹುಳಿ ನಾತ ಬಂದರೆ, ಹಸಿರು ಬೂಷ್ಟಿನ ಪಟ್ಟೆ ಕಂಡರೆ, ಚೀಲ ಬಿಚ್ಚದೆ ಹೊರಗೆ ಸಾಗಿಸುವುದೇ ಲೇಸು. ಹಬ್ಬಿ ಮುಗಿದ ಚೀಲದಲ್ಲಿ ಸೀಳು ಮಾಡಿ ತಂಪು ಜಾಗಕ್ಕೆ ಒಯ್ಯಬೇಕು. ಯುರೋಪಿನ ಚಳಿಗಾಲದ ತಳಿಗೆ 8ರಿಂದ 15 ಡಿಗ್ರಿ ಹಿತ, ಮತ್ತು ಜರ್ಮನಿಯ ಮನೆಗಳ ಕೆಲ್ಲರ್ ಎಂಬ ನೆಲಮಾಳಿಗೆ ಅಕ್ಟೋಬರ್‌ನಿಂದ ಅಷ್ಟೇ ತಂಪಾಗಿರುತ್ತದೆ. ಬೆಂಗಳೂರಿನಲ್ಲಿ ಇದೇ ತಳಿ ತಂದು ನೆಟ್ಟರೆ ಎಳೆ ಹಬ್ಬೀತು, ಅಣಬೆ ಬರುವುದು ಕಷ್ಟ. ಅಲ್ಲಿಗೆ ಬೆಚ್ಚಗಿನ ಹವೆಯಲ್ಲಿ ಫಲಿಸುವ ಫ್ಲೋರಿಡಾ, ಸಾಜೋರ್-ಕಾಜು ಅಣಬೆಗಳೇ ಸರಿ.

ಸೀಳಿನ ಅಂಚಿನಲ್ಲಿ ಮೊದಲು ಕಾಣುವುದು ಸಾಸಿವೆಗಿಂತ ಚಿಕ್ಕ ಬೂದು ಮೊಳಕೆಗಳ ಗುಂಪು. ಮರುದಿನ ಅವುಗಳ ತಲೆ ನೀಲಿಗಪ್ಪು, ಬುಡ ಬಿಳಿ ಎಂದು ಬೇರೆಯಾಗಿ ತೋರುತ್ತವೆ. ನೂರಾರು ಮೊಳೆತರೂ ಹತ್ತಿಪ್ಪತ್ತು ಮಾತ್ರ ಮುಂದೆ ಹೋಗುತ್ತವೆ, ಉಳಿದವು ಕಂದಾಗಿ ನಿಲ್ಲುತ್ತವೆ. ಅಲ್ಲಿಂದಾಚೆ ಬೆಳವಣಿಗೆ ದಿನದಿನಕ್ಕೆ ಇಮ್ಮಡಿ. ಈ ಹಂತದಲ್ಲಿ ಗಾಳಿ ಸಾಲದಿದ್ದರೆ ಇಂಗಾಲದ ಡೈಆಕ್ಸೈಡ್ ತುಂಬಿ ದಂಟು ಉದ್ದವಾಗಿ ಟೋಪಿ ಗುಂಡಿಯಷ್ಟೇ ಉಳಿಯುತ್ತದೆ. ಗಾಳಿ ಜೋರಾದರೆ ಒಣಗಿ ಅಂಚು ಸೀಳುತ್ತದೆ. ನೀರನ್ನು ಸುತ್ತಲಿನ ಗಾಳಿಗೆ ಸಿಂಪಡಿಸಬೇಕು, ಮೊಳಕೆಯ ಮೇಲೆ ಸುರಿಯಬಾರದು. ಪೂರ್ತಿ ಕತ್ತಲೆಯೂ ಆಗದು, ಪತ್ರಿಕೆ ಓದುವಷ್ಟು ಬೆಳಕು ಹಗಲಲ್ಲಿ ಬೇಕು. ಅಂಚು ಇನ್ನೂ ಒಳಕ್ಕೆ ಬಾಗಿರುವಾಗಲೇ ಗೊಂಚಲನ್ನು ಹಿಡಿದು ತಿರುಚಿ ತೆಗೆಯುವುದು ಕ್ರಮ. ತಡಮಾಡಿದರೆ ಬೀಜಕಗಳು ಬಿಳಿ ಹೊಗೆಯಾಗಿ ಕೋಣೆ ತುಂಬುತ್ತವೆ. ಅವು ಉಸಿರಾಟಕ್ಕೆ ಒಳ್ಳೆಯದಲ್ಲ; ವರ್ಷಗಟ್ಟಲೆ ಉಸಿರಾಡಿದ ಅಣಬೆ ಕೂಲಿಗಳಿಗೆ ಶ್ವಾಸಕೋಶದ ಉರಿಯೂತ ಬರುವುದು ವೈದ್ಯರಿಗೆ ಗೊತ್ತಿರುವ ರೋಗ. ಮಲಗುವ ಕೋಣೆಯಲ್ಲಿ ಚೀಲ ಇಡಬಾರದು. ಹತ್ತು ಹದಿನೈದು ದಿನದ ಅಂತರದಲ್ಲಿ ಎರಡು ಮೂರು ಫಸಲು ಬರುತ್ತವೆ. ಒಂದು ಕಿಲೋ ಒಣ ಹುಲ್ಲಿಗೆ ಅರ್ಧದಿಂದ ಒಂದು ಕಿಲೋ ಹಸಿ ಅಣಬೆ ನಿರೀಕ್ಷಿಸಬಹುದು. ಉಳಿದ ಹುಲ್ಲು ಗೊಬ್ಬರದ ಗುಂಡಿಗೆ.

ಚಿಪ್ಪು ಅಣಬೆಯನ್ನು ಹಸಿಯಾಗಿ ತಿನ್ನಬಾರದು. ಅದರಲ್ಲಿರುವ ಆಸ್ಟ್ರಿಯೊಲೈಸಿನ್ ಎಂಬ ಪ್ರೋಟೀನು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು, ಬೆಂದರೆ ನಾಶವಾಗುತ್ತದೆ. ಕಾಡಿನದಾದರೆ ಕಾಲು ಗಂಟೆಯಾದರೂ ಬೇಯಿಸಬೇಕು. ಜರ್ಮನ್ನರು ದೊಡ್ಡ ಟೋಪಿಗೆ ಮೊಟ್ಟೆ, ರೊಟ್ಟಿಪುಡಿ ಹಚ್ಚಿ ಷ್ನಿಟ್ಸೆಲ್‌ನಂತೆ ಹುರಿಯುತ್ತಾರೆ. ಕರಿಮೆಣಸು, ಕೊಬ್ಬರಿ, ಈರುಳ್ಳಿಯ ಮಸಾಲೆಗೂ ಅದು ಚೆನ್ನಾಗಿ ಹೊಂದುತ್ತದೆ, ದಂಟಿನ ಬುಡವೊಂದು ಮಾತ್ರ ನಾರು.

ಕಾಡಿನ ಅಣಬೆಯಲ್ಲಿ ಮನಸ್ಸಿರುವ ಹೊಸಬರು ಮೊದಲ ಚಳಿಗಾಲ ನೆಲಮಾಳಿಗೆಯಲ್ಲಿ ಒಂದು ಚೀಲ ಬೆಳೆಸಿ, ಮೊಳಕೆಯಿಂದ ಮುಪ್ಪಿನವರೆಗೆ ಚಿಪ್ಪು ಅಣಬೆಯ ಎಲ್ಲ ರೂಪ ನೋಡಿಕೊಳ್ಳಲಿ. ಮರುವರ್ಷ ಸಲಹೆಗಾರರ ಜೊತೆ ಕಾಡಿಗೆ ಹೋಗಲಿ. ಆಯ್ದದ್ದನ್ನು ಅವರಿಗೆ ತೋರಿಸದೆ ಒಲೆಗೇರಿಸಬಾರದು. ತಿಂದ ಮೇಲೆ ಅನುಮಾನ ಬಂದರೆ ಲಕ್ಷಣಗಳಿಗೆ ಕಾಯದೆ ತುರ್ತು ಸಂಖ್ಯೆ 112ಕ್ಕೆ, ಅಥವಾ ಬರ್ಲಿನ್ ವಿಷ ಮಾಹಿತಿ ಕೇಂದ್ರದ 030 19240ಕ್ಕೆ ಕರೆ ಮಾಡಿ, ಉಳಿದ ಅಣಬೆಯ ಚೂರು, ಸಿಪ್ಪೆ, ಬೇಯಿಸಿದ ಪಲ್ಯವನ್ನು ಎಸೆಯದೆ ಆಸ್ಪತ್ರೆಗೆ ಒಯ್ಯಬೇಕು.